ಸೂಜಿ ಇಳಿಸು ಎಂಬ ಸಾಹಿತ್ಯ

ನನ್ನ ಷಡ್ಡಕನನ್ನು ನಮ್ಮ ಮನೆಗಳಲ್ಲಿ ಸಾಹಿತಿ ಎಂದು ಕರೆಯುವುದು ರೂಢಿ. ಎದುರಿಗೆ ಕರೆಯುವುದಿಲ್ಲ, ಕರೆದರೆ ಖುಷಿಪಟ್ಟುಬಿಡುತ್ತಾನೆ ಎಂಬ ಭಯ. ಆತ ಜನ್ಮದಲ್ಲಿ ಒಂದು ಕತೆ ಬರೆದವನಲ್ಲ, ಒಂದು ಪದ್ಯ ಕಟ್ಟಿದವನಲ್ಲ. ಮದುವೆಗೆ ಮುಂಚೆ ಅಕ್ಕನಿಗೆ ಬರೆಯುತ್ತಿದ್ದ ಕಾಗದಗಳಲ್ಲಿ ಹವೆ ಹೇಗಿದೆ, ಬಸ್ಸು ಎಷ್ಟು ತಡವಾಯಿತು ಎಂಬುದರ ಹೊರತು ಇನ್ನೇನೂ ಇರುತ್ತಿರಲಿಲ್ಲವಂತೆ. ಇಂಥವನನ್ನು ತುಂಬಿದ ಕೋರ್ಟಿನಲ್ಲಿ ಒಬ್ಬ ವಕೀಲ ಲೇಖಕ ಎಂದು ಕರೆದ. ಅದೂ ಯಾತಕ್ಕೆ? ಕಸೂತಿ ಯಂತ್ರಕ್ಕೆ ಕೊಡುವ ಆಜ್ಞೆಗಳಿಗೆ ಹೆಸರಿಟ್ಟದ್ದಕ್ಕೆ! ಕರೆದವನು ಸಂಬಳಕ್ಕಾಗಿ ಕರೆದ, ಕರೆಸಿಕೊಂಡವನು ನಂಬಿಬಿಟ್ಟ.

ಅಕ್ಕ ಎಂದರೆ ನನ್ನ ಹೆಂಡತಿಯ ಅಕ್ಕ. ನಾನೂ ಹಾಗೇ ಕರೆಯುತ್ತೇನೆ. ಅವಳ ಮನೆಯ ಕೆಳಗಿನ ಅಂತಸ್ತು ಪೂರ್ತಿ ಕಸೂತಿಯ ವರ್ಕ್‌ಶಾಪು. ಅತ್ತೆ ಕಟ್ಟಿ ಬೆಳೆಸಿದ್ದು, ಆಮೇಲೆ ಅಕ್ಕನ ಕೈಗೆ ಬಂದದ್ದು. ಗೋಡೆಯುದ್ದಕ್ಕೂ ಮೊಳೆಗೆ ಸಿಕ್ಕಿಸಿದ ದಾರದ ಉಂಡೆಗಳು, ನಡುವೆ ಯಂತ್ರಗಳ ಸಾಲು, ಎಣ್ಣೆಯ ವಾಸನೆ, ಕಿಟಕಿಯ ಸರಳಿಗೂ ರೇಡಿಯೋದ ತಲೆಗೂ ಅಂಟಿಕೊಂಡ ಹತ್ತಿಯ ನವಿರು. ಹೋಟೆಲಿನ ಟವೆಲುಗಳ ಮೂಲೆಗೆ ಹೋಟೆಲಿನ ಹೆಸರು, ನರ್ಸುಗಳ ಜೇಬಿಗೆ ಆಸ್ಪತ್ರೆಯ ಗುರುತು, ಶಾಲೆಯ ಕೋಟುಗಳಿಗೆ ಲಾಂಛನ, ಇದು ಅಲ್ಲಿಯ ಕೆಲಸ. ಯಂತ್ರಗಳು ಓಡುತ್ತಿರುವಾಗ ಮೇಲಿನ ಮನೆಯ ಲೋಟಗಳು ಕಪಾಟಿನಲ್ಲಿ ಸಣ್ಣಗೆ ನಡುಗುತ್ತಿರುತ್ತವೆ.

ಸಾಹಿತಿಯ ತಂದೆ ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದವರು. ಪೇಟೆಯ ಅರ್ಧಕ್ಕರ್ಧ ಅಂಗಡಿಗಳ ಹೆಸರು ಅವರ ಕುಂಚದಿಂದಲೇ ಮೂಡಿದ್ದು. ಬೋರ್ಡು ಬರೆದೆ ಅಂತ ಅಂಗಡಿಯೂ ತನ್ನದೇ ಎಂದು ಆ ಮನುಷ್ಯ ಒಂದು ದಿನಕ್ಕೂ ಹೇಳಿದವರಲ್ಲ. ಮಗ ಬೇರೆ ಥರ. ಓದಿದ, ಕಸೂತಿ ಯಂತ್ರಗಳಿಗೆ ತಂತ್ರಾಂಶ ಮಾಡುವ ಕಂಪನಿಯೊಂದರಲ್ಲಿ ಕೆಲಸ ಹಿಡಿದ, ವರ್ಕ್‌ಶಾಪಿಗೆ ರಿಪೇರಿಯ ನೆಪದಲ್ಲಿ ಬಂದು ಹೋಗುತ್ತ ಅಕ್ಕನನ್ನು ಮದುವೆಯಾದ. ಕೆಟ್ಟವನೇನಲ್ಲ. ಕುಡಿಯುವುದಿಲ್ಲ, ಕೈ ಎತ್ತುವುದಿಲ್ಲ. ಆದರೆ ಯಾರಾದರೂ ಹೊಗಳಿದರೆ ಸಾಕು, ಹೊಗಳಿದವರ ಕಡೆಗೆ ಪೂರ್ತಿ ವಾಲಿಬಿಡುತ್ತಾನೆ, ಗೋಡೆಗೆ ಒರಗಿಸಿಟ್ಟ ಏಣಿಯ ಹಾಗೆ.

ಈಗ ಆ ಹೆಸರುಗಳ ವಿಷಯ. ಯಂತ್ರವನ್ನು ನಡೆಸುವ ತಂತ್ರಾಂಶ ಒಂದು. ಹೂವು, ಹಕ್ಕಿ, ಲಾಂಛನ ಬಿಡಿಸುವ ಡಿಸೈನುಗಳು ಬೇರೆ; ಅವನ್ನು ಊರೂರಿನ ಡಿಸೈನಿನವರು ತಂತಮ್ಮ ಪಾಡಿಗೆ ಮಾಡಿ ಮಾರುತ್ತಾರೆ. ಡಿಸೈನು ತಾನೇ ಸೂಜಿ ಆಡಿಸಲಾರದು. ಯಂತ್ರದೊಳಗಿನ ತಂತ್ರಾಂಶವನ್ನು ಹೆಸರು ಹಿಡಿದು ಕರೆಯಬೇಕು: ಸೂಜಿ ಇಳಿಸು, ಚೌಕಟ್ಟು ಸರಿಸು, ದಾರ ಬದಲಿಸು, ನಿಲ್ಲು. ಕರೆದಾಗ ಒಳಗಿನದು ಕೆಲಸ ಮಾಡುತ್ತದೆ. ಹೇಗೆ ಮಾಡುತ್ತದೆ ಎಂಬುದು ಡಿಸೈನಿಗೆ ಬೇಡದ ಮಾತು. ಹೆಸರು ಮಾತ್ರ ಒಂದಕ್ಷರ ತಪ್ಪಬಾರದು. ಹೀಗೆ ಕರೆಯುವ ಹೆಸರುಗಳ ಗುಂಪಿಗೆ ಇಂಟರ್‌ಫೇಸ್ ಎನ್ನುತ್ತಾರೆ. ನನಗೆ ಇಷ್ಟು ಅರ್ಥವಾಗಿದೆ. ನಾನು ಕನ್ನಡಕದ ಅಂಗಡಿ ಇಟ್ಟವನು, ಇದಕ್ಕಿಂತ ಹೆಚ್ಚು ಬೇಕಾಗಿಯೂ ಇಲ್ಲ.

ಆ ಹೆಸರುಗಳನ್ನು ಇಡುವ ಕೆಲಸ ಹೊಸ ಅಳಿಯನಾಗಿದ್ದ ಇವನ ಪಾಲಿಗೆ ಬಂತು. ಇವನು ಹೋಗಿ ವರ್ಕ್‌ಶಾಪಿನ ಸ್ಟೂಲಿನ ಮೇಲೆ ಕುಕ್ಕರಿಸಿದ. ಬೇಸಿಗೆಯ ಆ ದಿನಗಳಲ್ಲಿ ನಾನೂ ಅಲ್ಲಿಗೆ ಹೋಗುತ್ತಿದ್ದೆ, ಏಕೆಂದರೆ ನನ್ನ ಹೆಂಡತಿಯಾಗಲಿದ್ದವಳು ಅಲ್ಲೇ ಗುಂಡಿ ಹೊಲಿಯುತ್ತಿದ್ದಳು. ಕಣ್ಣಾರೆ ಕಂಡಿದ್ದೇನೆ. ಇವನು ಬೆರಳು ತೋರಿಸುವುದು, "ಇದನ್ನ ಮಾಡೋವಾಗ ನೀವು ಏನಂತೀರಿ?" ಎಂದು ಕೇಳುವುದು, ಅವರು ಹೇಳಿದ್ದನ್ನು ಬರೆದುಕೊಳ್ಳುವುದು. ಅತ್ತೆಗೆ ಇವನ ಕಾಟ ಸಾಕಾಗಿ ಹೋಗಿತ್ತು. ದಾರ ಬಿಗಿದು ಬಟ್ಟೆ ಸುಕ್ಕಾಗತೊಡಗಿದಾಗ ಅವರು ಯಂತ್ರದ ಕಡೆಗೇ ಓಡಿ, "ಅಯ್ಯೋ, ಉಸಿರು ಕೊಡ್ರೇ ದಾರಕ್ಕೆ, ಉಸಿರು ಕೊಡಿ!" ಎಂದು ಕೂಗುತ್ತಿದ್ದರು. ಅವರದು ಆ ಮಾತು. ಬೇರೆ ಕಡೆ ಎಲ್ಲ ಸಡಿಲಿಸು ಎನ್ನುತ್ತಾರೆ. ಇವನು ಅದನ್ನೂ ಬರೆದುಕೊಂಡ. "ಉಸಿರು ಕೊಡು" ಎಂಬುದು ಒಂದು ಆಜ್ಞೆಯಾಗಿ ಯಂತ್ರದೊಳಗೆ ಸೇರಿಕೊಂಡಿತು.

ವರ್ಷಗಳು ಕಳೆದವು. ಅತ್ತೆ ತೀರಿಕೊಂಡರು. ಕಂಪನಿ ಬೆಳೆಯಿತು. ಡಿಸೈನಿನವರೆಲ್ಲ ಆ ಹೆಸರುಗಳಿಗೇ ಒಗ್ಗಿಹೋಗಿದ್ದರು. ಇವನು ಮಾತ್ರ ಕಂಪನಿಯ ಹಿಂದಿನ ಕೋಣೆಯಲ್ಲಿ, ಪ್ರಿಂಟರಿನ ಪಕ್ಕದ ಮೇಜಿನಲ್ಲಿ ಹಾಗೇ ಕೂತಿದ್ದ. ಯಾರೂ ಹೊಗಳದ ಕಾರಣ ಸುಮ್ಮನಿದ್ದ.

ಆಗ ಒಬ್ಬ ಗಣಿತದ ಟೀಚರು ರಂಗಕ್ಕಿಳಿದರು. ಶಾಲೆಯಿಂದ ನಿವೃತ್ತರಾದ ಹೆಂಗಸು, ಇಬ್ಬರು ಹೆಣ್ಣುಮಕ್ಕಳನ್ನು ಜೊತೆಗಿಟ್ಟುಕೊಂಡು ಊಟದ ಮೇಜಿನ ಮೇಲೆ ಒಂದು ಹೊಸ ತಂತ್ರಾಂಶ ಬರೆದರು. ಒಳಗಿನದೆಲ್ಲ ಅವರದೇ; ಒಂದು ಸಾಲನ್ನೂ ಕದ್ದಿರಲಿಲ್ಲ. ಹೊರಗಿನ ಹೆಸರುಗಳು ಮಾತ್ರ ಹಳೆಯವೇ. ಹಾಗಾಗಿ ಹಳೆಯ ಡಿಸೈನುಗಳೆಲ್ಲ ಏನೂ ಬದಲಿಸದೆ ಅದರ ಮೇಲೆ ಓಡಿದವು. ದಾರ ಹರಿಯುವುದು ಕಡಿಮೆಯಾಯಿತು, ಕೆಲಸ ಚುರುಕಾಯಿತು. ವರ್ಕ್‌ಶಾಪುಗಳು ಒಂದೊಂದೇ ಆ ಕಡೆ ಸರಿದವು. ಅಕ್ಕನೂ ಸರಿದಳು. ಗಂಡನಿಗೆ ಹೇಳಲಿಲ್ಲ. ಹೇಳಬೇಕೆಂದಿದ್ದರೆ ಅವನು ಕೆಳಗಿಳಿದು ಬರಬೇಕಿತ್ತಲ್ಲ! ಆಫೀಸಿನಿಂದ ಬಂದವನು ನೆಟ್ಟಗೆ ಮೆಟ್ಟಿಲು ಹತ್ತಿ ಮೇಲೆ ಹೋಗಿ ಕಾಲು ಚಾಚುತ್ತಿದ್ದ. ಕೆಳಗೆ ಯಾವ ತಂತ್ರಾಂಶ ಓಡುತ್ತಿದೆ ಎಂದು ನಮ್ಮ ಮನೆಗೆಲ್ಲ ಗೊತ್ತಿತ್ತು, ಅವನೊಬ್ಬನಿಗೆ ಬಿಟ್ಟು.

ಕಂಪನಿ ಟೀಚರ ಮೇಲೆ ಕೇಸು ಹಾಕಿತು. ಒಳಗಿನದನ್ನು ಕದ್ದಿದ್ದಾರೆ ಎನ್ನಲು ಆಗುತ್ತಿರಲಿಲ್ಲ, ಕದ್ದಿರಲಿಲ್ಲವಲ್ಲ. ಹಾಗಾಗಿ ಹೆಸರುಗಳನ್ನು ಹಿಡಿದುಕೊಂಡರು. ಈ ಹೆಸರುಗಳು, ಇವನ್ನು ಜೋಡಿಸಿದ ಕ್ರಮ, ಇದೆಲ್ಲ ಒಂದು ಸಾಹಿತ್ಯಕೃತಿ. ಕತೆಪುಸ್ತಕಕ್ಕೆ ಹೇಗೆ ಕೃತಿಸ್ವಾಮ್ಯವಿದೆಯೋ ಇದಕ್ಕೂ ಹಾಗೆಯೇ. ನಮ್ಮ ಅಪ್ಪಣೆಯಿಲ್ಲದೆ ಯಾರೂ ಬಳಸುವ ಹಾಗಿಲ್ಲ. ಇದು ಅವರ ವಾದ. ಕೃತಿ ಎಂದ ಮೇಲೆ ಕೃತಿಕಾರ ಬೇಡವೇ? ಕಂಪನಿಯ ವಕೀಲ ಕಟ್ಟಡವೆಲ್ಲ ಹುಡುಕಿ ಪ್ರಿಂಟರಿನ ಪಕ್ಕದಲ್ಲಿ ಇವನನ್ನು ಪತ್ತೆ ಮಾಡಿದ.

ಅದಾದ ವಾರದಲ್ಲೇ ಇವನು ನನ್ನ ಅಂಗಡಿಗೆ ಬಂದ. ಕನ್ನಡಿಯ ಮುಂದೆ ನಿಂತು ಕೂದಲು ಹಿಂದಕ್ಕೆ ತಳ್ಳಿಕೊಂಡ.

"ಒಂದು ಕನ್ನಡಕ ಬೇಕಿತ್ತು."

"ಕೂತ್ಕೋ, ಕಣ್ಣು ನೋಡ್ತೀನಿ."

"ಕಣ್ಣಿಗೇನಾಗಿಲ್ಲ. ಫ್ರೇಮು ಸ್ವಲ್ಪ ದಪ್ಪ ಇರ್ಲಿ, ಕಪ್ಪು. ನಾಳೆ ಕೋರ್ಟಲ್ಲಿ ನಿಂತಾಗ, ಏನಂತಾರೆ, ಒಬ್ಬ ಬರಹಗಾರನ ಥರ ಕಾಣ್ಬೇಕು ಅಂತ ವಕೀಲ್ರು ಹೇಳಿದ್ದಾರೆ."

ಸುಳ್ಳು. ವಕೀಲ ಹಾಗೆ ಹೇಳಿರಲಾರ. ಅವನಿಗೆ ಬೇರೆ ಕೆಲಸವಿತ್ತು. ನಾನು ಅತ್ಯಂತ ದಪ್ಪನೆಯ ಫ್ರೇಮನ್ನು ಆರಿಸಿ, ಬರಿಯ ಗಾಜು ಕೂರಿಸಿ ಕೊಟ್ಟೆ. ಹಾಕಿಕೊಂಡು ನೋಡಿಕೊಂಡ. ನೆನೆದ ಗೂಬೆಯ ಹಾಗಿದ್ದ. "ಹೊಂದುತ್ತೆ ಅಲ್ವಾ?" ಎಂದ. "ನಿನಗೇ ಹೇಳಿ ಮಾಡಿಸಿದ ಹಾಗಿದೆ" ಎಂದೆ. ಗಿರಾಕಿಗೆ ಇನ್ನೇನು ಹೇಳುವುದು?

ಸಾಕ್ಷಿಯ ದಿನ ಅಕ್ಕ ಒಂದು ಪಾಳಿ ನಿಲ್ಲಿಸಿ ಬಂದಿದ್ದಳು. ನಾನು, ನನ್ನ ಹೆಂಡತಿ ಅವಳ ಅಕ್ಕಪಕ್ಕ ಕೂತಿದ್ದೆವು. ಕೋರ್ಟಿನ ಬೆಂಚುಗಳು ಗಟ್ಟಿ, ಚಾವಣಿ ಎತ್ತರ, ಫ್ಯಾನು ಕೊರಗುತ್ತಿತ್ತು. ಅಷ್ಟು ದೂರದಲ್ಲಿ ಟೀಚರು ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು ನೆಟ್ಟಗೆ ಕೂತಿದ್ದರು, ಪರೀಕ್ಷೆಯ ಕೋಣೆಯಲ್ಲಿ ಕಾವಲಿಗಿರುವವರ ಹಾಗೆ. ಇವನು ಕನ್ನಡಕ ಏರಿಸಿಕೊಂಡು ಕಟಕಟೆಗೆ ಬಂದ.

ವಕೀಲ ಬೆಣ್ಣೆಯಂಥ ದನಿಯಲ್ಲಿ ಕೇಳಿದ: "ಈ ಆಜ್ಞೆಗಳಲ್ಲಿ 'ಉಸಿರು ಕೊಡು' ಅಂತ ಒಂದಿದೆ. ದಾರವನ್ನ ಸಡಿಲ ಮಾಡೋದಕ್ಕೆ ಇಂಥಾ ಹೆಸರು ಇನ್ನೆಲ್ಲೂ ನಾವು ಕಂಡಿಲ್ಲ. ಇದು ನಿಮಗೆ ಹೇಗೆ ಹೊಳೀತು, ಕೋರ್ಟಿಗೆ ಹೇಳ್ತೀರಾ?"

ಇವನು ಗಂಟಲು ಸರಿಮಾಡಿಕೊಂಡ. "ಒಂದು ಸಂಜೆ ಕಾಲುವೆ ದಂಡೆ ಮೇಲೆ ನಡೀತಾ ಇದ್ದೆ. ಗಾಳಿ ಬೀಸ್ತಾ ಇತ್ತು. ದಾರ ಅಂದ್ರೇನು ಅಂತ ಯೋಚಿಸ್ತಾ ಇದ್ದೆ. ದಾರಾನೂ ಒಂದು ಜೀವ ಅಲ್ವಾ ಅನ್ನಿಸ್ತು. ಜೀವ ಅಂದ್ಮೇಲೆ ಉಸಿರು ಬೇಕಲ್ಲ. ಅಲ್ಲೇ, ನಿಂತ ನಿಲುವಲ್ಲೇ ಹೊಳೀತು."

"ಅಂದರೆ ಇದು ನಿಮ್ಮ ಸೃಷ್ಟಿ."

"ಹೌದು. ನನ್ನದೇ."

ನನ್ನ ಹೆಂಡತಿ ನನ್ನ ತೋಳು ಚಿವುಟಿದಳು. ಅಕ್ಕ, ಯಾರಿಗೂ ಹೇಳುವಂತಲ್ಲದೆ, "ಅದು ಅಮ್ಮನ ಮಾತು" ಎಂದಳು. ಎದ್ದು ಹೊರಗೆ ಹೋದಳು. ಬಾಗಿಲು ಮುಚ್ಚಿದ ಸದ್ದಿಗೆ ಸಾಹಿತಿ ತಲೆಯೆತ್ತಿ ನೋಡಿದ. ಯಾರೋ ಭಾವಪರವಶರಾಗಿ ಎದ್ದುಹೋದರು ಎಂದೇ ತಿಳಿದಿರಬೇಕು.

ಟೀಚರ ಪರವಾಗಿ ಒಬ್ಬ ಸಣ್ಣ ಪ್ರಾಯದ ವಕೀಲೆ ಎದ್ದು ನಿಂತಳು. "ಸೂಜಿ ಇಳಿಸು ಅನ್ನೋದಕ್ಕೆ ಸೂಜಿ ಇಳಿಸು ಅಂತ ಯಾಕೆ ಹೆಸರಿಟ್ರಿ?" ಎಂದಳು.

"ಅದು... ಅಲ್ಲಿ ಸೂಜಿ ಇಳಿಯುತ್ತೆ."

"ಇದೂ ಕಾಲುವೆ ಹತ್ರ ಹೊಳೆದಿದ್ದಾ?"

ಜನ ನಕ್ಕರು. ಇವನೂ ಅವರ ಜೊತೆಗೆ ನಕ್ಕ, ಪಾಪ, ತನ್ನ ಮೇಲೆಯೇ ನಗುತ್ತಿದ್ದಾರೆಂದು ತಿಳಿಯದೆ.

ಮನೆಗೆ ಬಂದ ಮೇಲೆ ಅಕ್ಕ ಒಂದೇ ಪ್ರಶ್ನೆ ಕೇಳಿದಳಂತೆ: "ಕಾಲುವೆ ಎಲ್ಲಿದೆ?" ನಮ್ಮ ಊರಿನಲ್ಲಿ ಇರುವುದು ಒಂದು ಚರಂಡಿ, ಅದರ ಮೇಲೂ ಚಪ್ಪಡಿ ಹಾಸಿಯಾಗಿದೆ. ಇವನು, "ಅದೆಲ್ಲ ಹೇಳೋ ರೀತಿ, ನಿಂಗೆ ಅರ್ಥ ಆಗಲ್ಲ. ಸೃಜನಶೀಲತೆ ಅಂದ್ರೆ ಹಾಗೇನೆ" ಎಂದನಂತೆ. ಸೃಜನಶೀಲತೆ ಎಂಬ ಮಾತನ್ನು ಅವನು ಕಲಿತು ಆಗಿನ್ನೂ ತಿಂಗಳೂ ಆಗಿರಲಿಲ್ಲ. ಹೊಸ ಚಪ್ಪಲಿ ಹಾಕಿಕೊಂಡವರು ನಡೆಯುವ ಹಾಗೆ ಕಿರಕಿರ ಎನ್ನಿಸಿಕೊಂಡು ಎಲ್ಲ ಕಡೆ ಅದನ್ನು ಬಳಸುತ್ತಿದ್ದ.

ತೀರ್ಪು ಕಂಪನಿಯ ಪರವಾಗಿ ಬಂತು. ಹೆಸರುಗಳ ಆಯ್ಕೆಯಲ್ಲಿ, ಜೋಡಣೆಯಲ್ಲಿ ಲೇಖಕನ ಮನಸ್ಸು ಕಾಣುತ್ತದೆ ಎಂದಿತು ಕೋರ್ಟು. ಟೀಚರು ತಂತ್ರಾಂಶವನ್ನು ಹಿಂದಕ್ಕೆ ಪಡೆಯಬೇಕು. ಕಂಪನಿಯಲ್ಲಿ ಸಭೆ ಕರೆದು ಇವನಿಗೆ ಗಾಜಿನ ಒಂದು ಫಲಕ ಕೊಟ್ಟು ಚಪ್ಪಾಳೆ ತಟ್ಟಿದರು. ಅದನ್ನು ತಂದು ಊಟದ ಕೋಣೆಯ ಕಪಾಟಿನಲ್ಲಿಟ್ಟ. ಕೆಳಗೆ ಯಂತ್ರಗಳು ಓಡಿದಾಗ ಅದು ನಡುಗಿ ಸದ್ದು ಮಾಡುತ್ತದೆಂದು ಅಡಿಯಲ್ಲಿ ಬಟ್ಟೆ ಮಡಿಸಿಟ್ಟ.

ಬಟ್ಟೆ ಬೇಕಾಗಲಿಲ್ಲ. ಯಂತ್ರಗಳು ನಿಂತವು. ಟೀಚರ ತಂತ್ರಾಂಶ ಕೋರ್ಟಿನ ಆಜ್ಞೆಯಂತೆ ಒಂದು ಬೆಳಗ್ಗೆ ಮುಚ್ಚಿಕೊಂಡಿತು, ಅಕ್ಕನ ಸಾಲು ಯಂತ್ರಗಳು ಒಟ್ಟಿಗೇ ಬಾಯಿ ಕಟ್ಟಿಕೊಂಡವು. ಹೊಸ ಆಸ್ಪತ್ರೆಯೊಂದರ ನರ್ಸುಗಳ ಬಟ್ಟೆ ರಾಶಿಯಾಗಿ ಬಿದ್ದಿತ್ತು. ಕೆಲಸದ ಹೆಂಗಸರು ಬೆಂಚಿನ ಮೇಲೆ ಕೂತು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಮೇಲೆ ಸದ್ದಿಲ್ಲದ್ದನ್ನು ಗಮನಿಸಿ ಸಾಹಿತಿ ಎಷ್ಟೋ ಕಾಲದ ಮೇಲೆ ವರ್ಕ್‌ಶಾಪಿಗೆ ಇಳಿದು ಬಂದ. ನಮ್ಮ ಮಗಳನ್ನು ಶಾಲೆಯಿಂದ ಕರೆತಂದ ನನ್ನ ಹೆಂಡತಿ ಅಲ್ಲೇ ಇದ್ದಳು. ಆಮೇಲೆ ನಡೆದದ್ದನ್ನು ಅವಳು ನಟಿಸಿ ತೋರಿಸುತ್ತಾಳೆ.

"ಏನಾಯ್ತು? ಕರೆಂಟ್ ಇಲ್ವಾ?"

"ಕರೆಂಟ್ ಇದೆ. ನೀನು ಗೆದ್ದೆಯಲ್ಲ, ಅದಾಗಿದೆ."

ಅವನಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದಾಗ ಮುಖ ಹುಳ್ಳಗಾಯಿತು. "ನೀನು ಅವರದ್ದನ್ನ ಹಾಕ್ಕೊಂಡಿದ್ಯಾ? ನನ್ನ ಮನೇಲೇ?"

"ನಿಮ್ಮ ಕಂಪನೀದು ದಾರ ಹರೀತಿತ್ತು."

"ನಂಗೊಂದು ಮಾತು ಹೇಳ್ಬೇಕಿತ್ತು!"

"ಎಲ್ಲಿ ಸಿಗ್ತೀಯ ಹೇಳೋಕೆ? ಕಾಲುವೆ ಹತ್ರ ಬರ್ಬೇಕಿತ್ತಾ?"

ಕೆಲಸದ ಹೆಂಗಸರು ತುಟಿ ಕಚ್ಚಿಕೊಂಡು ಬಟ್ಟೆ ಮಡಿಸತೊಡಗಿದರಂತೆ. ಅಕ್ಕ ಕಂಪನಿಯ ಹಳೆಯ ತಂತ್ರಾಂಶವನ್ನು ಮತ್ತೆ ಕೇಳಿದಳು. ಬಿಟ್ಟುಹೋದವರು ಸರದಿಯ ಕೊನೆಯಲ್ಲಿ ನಿಲ್ಲಬೇಕು ಎಂಬ ಉತ್ತರ ಬಂತು. ಗಂಡ ಆ ಕಂಪನಿಯ ಲೇಖಕ ಅಂತ ಅವಳು ಹೇಳಲಿಲ್ಲ, ಅವನೂ ಹೋಗಿ ಕೇಳಲಿಲ್ಲ. ಕೇಳಿದರೆ ಹೆಂಡತಿ ಯಾರದನ್ನು ಬಳಸುತ್ತಿದ್ದಳೆಂದು ಬಯಲಾಗುತ್ತಿತ್ತು. ನರ್ಸುಗಳ ಜೇಬುಗಳನ್ನು ಅಕ್ಕ ಕೈಯಲ್ಲೇ ಹೊಲಿಸಿದಳು. ನನ್ನ ಹೆಂಡತಿ ಕೂತಳು, ಪಕ್ಕದ ಮನೆಯವರು ಕೂತರು. ಬೆರಳುಗಳೆಲ್ಲ ತೂತಾದವು. ಅರ್ಧ ಕೆಲಸ ಬೇರೆಯವರಿಗೆ ಹೋಯಿತು. ಇಬ್ಬರು ಹೆಂಗಸರನ್ನು ಕೆಲಸದಿಂದ ಬಿಡಬೇಕಾಯಿತು. ಅತ್ತೆಯ ಕಾಲದಿಂದ ಇದ್ದವರು. ಅವರಲ್ಲಿ ಹಿರಿಯಾಕೆ ಹೋಗುವಾಗ ತನ್ನ ಕತ್ತರಿಯನ್ನು ಒರೆಸಿ ಮೇಜಿನ ಮೇಲಿಟ್ಟು, ಮತ್ತೆ ತೆಗೆದುಕೊಂಡು, ಚೀಲಕ್ಕೆ ಹಾಕಿಕೊಂಡು ಹೋದಳು. ಮೇಲೆ ಸಾಹಿತಿ ಯಾವುದೋ ಪತ್ರಿಕೆಯವರಿಗೆ ಫೋನಿನಲ್ಲಿ ಸಂದರ್ಶನ ಕೊಡುತ್ತಿದ್ದ.

ಇಂಥವರಿಗೆ ಕೆಟ್ಟದ್ದಾಗುವುದಿಲ್ಲ ಎಂದುಕೊಂಡಿದ್ದೆ. ಆಯಿತು. ಗೆದ್ದ ಕೇಸಿನಿಂದ ಕಂಪನಿಗೆ ಬೆಲೆ ಬಂತು, ದೊಡ್ಡದೊಂದು ಕಂಪನಿ ಅದನ್ನು ಕೊಂಡಿತು. ಕೊಂಡವರು ಹಿಂದಿನ ಕೋಣೆಯನ್ನು ತೆರವು ಮಾಡಿಸಿದರು. ಪ್ರಿಂಟರ್ ಉಳಿಯಿತು, ಇವನು ಹೋದ. ಹೊಸ ಮ್ಯಾನೇಜರಿಗೆ ಇವನು ಗಾಜಿನ ಫಲಕವನ್ನೇ ಹೊತ್ತುಕೊಂಡು ಹೋಗಿ ತೋರಿಸಿದನಂತೆ. "ಆ ಕೃತಿ ಬರೆದಿದ್ದು ನಾನು ಸಾರ್" ಎಂದನಂತೆ. ಅವನು ನಯವಾಗಿಯೇ, "ಕೃತಿ ನಮ್ಮ ಹತ್ರ ಇದೆಯಲ್ಲ, ಥ್ಯಾಂಕ್ಸ್" ಎಂದನಂತೆ. ಫಲಕವನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ವಾಪಸು ಬಂದ. ಇಂಗು ತಿಂದ ಮಂಗನ ಮುಖ ಹೇಗಿರುತ್ತದೆಂದು ಅಂದು ನಾನು ನೋಡಿದೆ.

ಕೆಲವು ದಿನ ಮನೆಯಲ್ಲಿ ಬಿದ್ದುಕೊಂಡಿದ್ದ. ಆಮೇಲೆ ಹೆಂಡತಿಯ ಮನಸ್ಸು ಗೆಲ್ಲಲು ಒಂದು ದಾರಿ ಕಂಡಿತು. ವರ್ಕ್‌ಶಾಪಿಗೆ ತಾನೇ ಒಂದು ಸಣ್ಣ ತಂತ್ರಾಂಶ ಬರೆದುಕೊಡುತ್ತೇನೆಂದು ಹೊರಟ. ಇದೊಂದು ಕೆಲಸ ಅವನಿಗೆ ಬರುತ್ತದೆ, ಅದನ್ನು ಅಲ್ಲಗಳೆಯಲಾರೆ. ಬರೆದ. ಯಂತ್ರ ಎರಡು ಟವೆಲು ಹೊಲಿದೇಬಿಟ್ಟಿತು. ಖುಷಿ ತಡೆಯದೆ ಹಳೆಯ ಸಹೋದ್ಯೋಗಿಗಳಿಗೆಲ್ಲ ಹೇಳಿಕೊಂಡ. ಸುದ್ದಿ ಎಲ್ಲಿ ಮುಟ್ಟಬೇಕೋ ಅಲ್ಲಿಗೆ ಮುಟ್ಟಿತು, ವಕೀಲ ಫೋನ್ ಮಾಡಿದ. ನಾನು ಆಗ ಅಲ್ಲೇ ಕಾಫಿ ಕುಡಿಯುತ್ತಿದ್ದೆ. ವಕೀಲನ ದನಿ ಫೋನಿನಿಂದ ಹೊರಗೂ ಕೇಳುತ್ತಿತ್ತು.

"ಆ ಹೆಸರುಗಳನ್ನ ನೀವು ಬಳಸೋ ಹಾಗಿಲ್ಲ."

"ಅಯ್ಯೋ, ಇಟ್ಟವನೇ ನಾನು ಸ್ವಾಮಿ!"

"ಹೌದು. ಕಂಪನಿ ಕೆಲಸದಲ್ಲಿದ್ದಾಗ ನೀವು ಸೃಷ್ಟಿ ಮಾಡಿದ್ದು ಅಂತ ಪ್ರಮಾಣ ಮಾಡಿ ಹೇಳಿದ್ದೀರಿ. ಅದಕ್ಕೇ ಅದು ಕಂಪನೀದು. ನಿಮ್ಮ ಸಾಕ್ಷಿ ಬಹಳ ಚೆನ್ನಾಗಿತ್ತು."

ಫೋನು ಇಟ್ಟವನು ಹಟಕ್ಕೆ ಬಿದ್ದ. ಹೆಸರು ತಾನೇ, ಬದಲಾಯಿಸಿದರಾಯಿತು ಎಂದು ಹೊರಟ. ಸೂಜಿ ಇಳಿಸು ಎಂಬುದನ್ನು ಮೊನೆ ತಗ್ಗಿಸು ಎಂದ, ದಾರ ಬದಲಿಸು ಎಂಬುದನ್ನು ನೂಲು ಮಾರ್ಪಡಿಸು ಎಂದ, ನಿಲ್ಲು ಎಂಬುದನ್ನು ಸ್ಥಗಿತಗೊಳ್ಳು ಎಂದ. ಈ ಸಲ ಸೃಷ್ಟಿಯೆಲ್ಲ ನಿಜವಾಗಿ ಅವನದೇ. ಯಂತ್ರ ಕದಲಲಿಲ್ಲ. ಅಕ್ಕನ ಕಪಾಟಿನಲ್ಲಿದ್ದ ಡಿಸೈನುಗಳೆಲ್ಲ ಹಳೆಯ ಹೆಸರಿನಲ್ಲಿ ಕೂಗುತ್ತಿದ್ದವು, ಒಳಗಿನದು ಹೊಸ ಹೆಸರಿಗೆ ಕಾದು ಕೂತಿತ್ತು. ಊರಿನ ಡಿಸೈನಿನವರೆಲ್ಲ ಇವನೊಬ್ಬನಿಗಾಗಿ ತಮ್ಮ ವರ್ಷಗಳ ಕೆಲಸವನ್ನು ತಿದ್ದಿ ಬರೆಯುತ್ತಾರೆಯೇ? ಅಕ್ಕ ಸ್ವಲ್ಪ ಹೊತ್ತು ನೋಡಿ, ಸ್ವಿಚ್ ಆರಿಸಿ, "ಊಟಕ್ಕೆ ಬಾ" ಎಂದಳು. ಬೈದಿದ್ದರೆ ವಾಸಿಯಿತ್ತು.

ಇಷ್ಟರಲ್ಲಿ ಮೇಲಿನ ಕೋರ್ಟು ಟೀಚರ ಮೇಲ್ಮನವಿ ಕೇಳಿ, ಟೀಚರ ಬಳಕೆ ನ್ಯಾಯವೇ ಎಂಬ ಮುಖ್ಯ ವಿಚಾರವನ್ನೇ ಕೆಳಗಿನವರು ನೋಡಿಲ್ಲ, ಮತ್ತೆ ವಿಚಾರಣೆಯಾಗಲಿ ಎಂದು ಕೇಸನ್ನು ವಾಪಸು ಕಳಿಸಿತು. ಸುದ್ದಿ ಕೇಳಿದ್ದೇ ತಡ, ಸಾಹಿತಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಟೀಚರ ಮನೆಯ ಬಾಗಿಲು ತಟ್ಟಿದ. ಜೊತೆಗೆ ಬಾ ಎಂದು ನನ್ನನ್ನೂ ಎಳೆದುಕೊಂಡು ಹೋಗಿದ್ದ. ಒಬ್ಬನೇ ಹೋಗುವಷ್ಟು ಧೈರ್ಯ ಅವನಿಗೆ ಯಾವತ್ತೂ ಇಲ್ಲ. ನಾನು ತಮಾಷೆ ನೋಡಲು ಹೋದೆ. ಟೀಚರು ಬಾಗಿಲು ಪೂರ್ತಿ ತೆಗೆಯಲಿಲ್ಲ.

"ನಾನು ನಿಮ್ಮ ಪರ ಸಾಕ್ಷಿ ಹೇಳ್ತೀನಿ ಮೇಡಂ. ಆ ಹೆಸರುಗಳಲ್ಲಿ ಏನೂ ಇಲ್ಲ. ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?"

"ಅವತ್ತು ಏನೇನೋ ಇತ್ತಲ್ಲ."

"ಅವತ್ತು ಪರಿಸ್ಥಿತಿ ಬೇರೆ."

ಟೀಚರು ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ತರಗತಿಯಲ್ಲಿ ನಕಲು ಹೊಡೆದು ಸಿಕ್ಕಿಬಿದ್ದವರನ್ನು ಬಹಳ ಕಂಡಿರಬೇಕು. "ಬರೋದಾದ್ರೆ ಬನ್ನಿ. ನಡೆದಿದ್ದು ನಡೆದ ಹಾಗೆ ಹೇಳಿ. ಬಣ್ಣ ಕಟ್ಬೇಡಿ" ಎಂದು ಬಾಗಿಲು ಮುಚ್ಚಿಕೊಂಡರು.

ನಡೆದದ್ದು ನಡೆದ ಹಾಗೆ ಹೇಳಿದ್ದರೆ ಸಾಕಿತ್ತು. ಅತ್ತೆಯ ಮಾತನ್ನು ಬರೆದುಕೊಂಡೆ, ವರ್ಕ್‌ಶಾಪಿನಲ್ಲಿ ಆಡುವ ಮಾತುಗಳನ್ನೇ ಹೆಸರಾಗಿ ಇಟ್ಟೆ, ಜೋಡಿಸುವಾಗ ಒಂದಿಷ್ಟು ಯೋಚನೆ ಮಾಡಿದೆ. ಇದು ಸತ್ಯ, ಇದನ್ನು ಹೇಳಲು ಎರಡು ನಿಮಿಷ ಬೇಡ. ಆದರೆ ಈ ಮನುಷ್ಯನಿಗೆ ನಡುದಾರಿಯೇ ಗೊತ್ತಿಲ್ಲ. ಕಟಕಟೆಯಲ್ಲಿ ನಿಂತು, ಈ ಸಲ ಕನ್ನಡಕವಿಲ್ಲದೆ, ಎದೆಯುಬ್ಬಿಸಿ ಶುರುಮಾಡಿದ: "ಆ ಹೆಸರುಗಳಲ್ಲಿ ಸೃಜನಶೀಲತೆ ಒಂದು ಗುಲಗಂಜಿಯಷ್ಟೂ ಇಲ್ಲ. ಯಾವ ಕತ್ತೆ ಬೇಕಾದ್ರೂ ಇಡಬಹುದಾದ ಹೆಸರು. ಇಡೋವಾಗ ನಾನು ಏನೂ ಯೋಚನೆ ಮಾಡಿಲ್ಲ. ನನ್ನ ತಲೆ ಪೂರ್ತಿ ಖಾಲಿ ಇತ್ತು."

ಟೀಚರು ಕೈಚೀಲದ ಮೇಲೆ ಕಣ್ಣು ನೆಟ್ಟರು. ಕಂಪನಿಯ ವಕೀಲ ಎದ್ದ. ಅದೇ ಮನುಷ್ಯ, ಅದೇ ಕೋಟು. ದನಿಯಲ್ಲಿ ಮಾತ್ರ ಬೆಣ್ಣೆಯಿರಲಿಲ್ಲ.

"ಕಳೆದ ಸಲ ನೀವು ಒಂದು ಕಾಲುವೆ ಬಗ್ಗೆ ಹೇಳಿದ್ರಿ."

"ಅದು... ಹೌದು."

"ಗಾಳಿ ಬೀಸ್ತಾ ಇತ್ತು."

"ಬೀಸ್ತಾ ಇತ್ತು ಅನ್ಸುತ್ತೆ."

"ಆಗ ತಲೆ ತುಂಬಾ ಸೃಷ್ಟಿ ಇತ್ತು. ಈಗ ನೋಡಿದ್ರೆ ಅದೇ ಸಂಜೆ ತಲೆ ಖಾಲಿ ಇತ್ತು ಅಂತೀರಿ. ಇವೆರಡರಲ್ಲಿ ಸುಳ್ಳು ಯಾವುದು?"

ಸಾಹಿತಿ ನ್ಯಾಯಾಧೀಶರ ಕಡೆ ನೋಡಿದ, ಟೀಚರ ಕಡೆ ನೋಡಿದ, ನನ್ನ ಕಡೆ ಕೂಡ ನೋಡಿದ. ನಾನು ಚಾವಣಿ ನೋಡಿದೆ. ಕೊನೆಗೆ ಹೇಳಿದ: "ಎರಡೂ ಆಯಾ ಸಮಯಕ್ಕೆ ನಿಜಾನೇ ಸಾರ್."

ಕೋರ್ಟಿನಲ್ಲಿ ಎದ್ದ ನಗುವನ್ನು ಅಡಗಿಸಲು ನ್ಯಾಯಾಧೀಶರು ಮೇಜು ಕುಟ್ಟಬೇಕಾಯಿತು. ಅವರೂ ನಗುತ್ತಿದ್ದರು. ಅಕ್ಕ ಆ ದಿನ ಬಂದಿರಲಿಲ್ಲ. ಟೀಚರ ವಕೀಲೆ ಅವಳನ್ನೂ ಸಾಕ್ಷಿಗೆ ಕರೆದಿದ್ದಳು. "ನಂಗೆ ಟವೆಲ್ ಕೆಲಸ ಇದೆ" ಎಂದು ಅಕ್ಕ ಒಲ್ಲೆ ಎಂದಿದ್ದಳು. ಗಂಡನ ಮೇಲಿನ ಮರುಕಕ್ಕಲ್ಲ. ಅವನ ಸುಳ್ಳಿಗೆ ತಾನು ಒಂದು ಪಾಳಿ ಯಾಕೆ ಕಳೆದುಕೊಳ್ಳಬೇಕು ಎಂದು.

ತೀರ್ಪಿನ ದಿನ ನಾನು ಅಂಗಡಿ ಮುಚ್ಚಿ ಹೋದೆ. ನ್ಯಾಯಾಧೀಶರು ನಿಧಾನವಾಗಿ, ಎಲ್ಲರಿಗೂ ತಿಳಿಯುವ ಹಾಗೆ ಹೇಳಿದರು. ಮೊದಲಿಗೆ, ಈ ಸಾಕ್ಷಿಯ ಎರಡೂ ಹೇಳಿಕೆಗಳನ್ನು ಕೋರ್ಟು ಬದಿಗಿಡುತ್ತದೆ. ಯಾವುದಕ್ಕೂ ಅವುಗಳಿಂದ ಪ್ರಯೋಜನವಿಲ್ಲ. ತಂತ್ರಾಂಶದ ಒಳಗೆ ಬರೆದದ್ದಕ್ಕೆ ಕೃತಿಸ್ವಾಮ್ಯವಿದೆ, ಅದರಲ್ಲಿ ಯಾರಿಗೂ ಸಂಶಯ ಬೇಡ. ಕರೆಯುವ ಹೆಸರುಗಳಿಗೆ ಅದು ಸಲ್ಲುತ್ತದೆಯೇ ಎಂಬುದು ಬೇರೆ ಪ್ರಶ್ನೆ. ಆ ಪ್ರಶ್ನೆಯನ್ನು ಈ ಕೇಸಿನಲ್ಲಿ ಬಿಡಿಸುವ ಅಗತ್ಯ ಕಾಣುವುದಿಲ್ಲ. ಸಲ್ಲುತ್ತದೆ ಎಂದೇ ಇಟ್ಟುಕೊಂಡರೂ, ಅಷ್ಟೊಂದು ಜನ ಆ ಹೆಸರುಗಳ ಮೇಲೆ ತಮ್ಮ ದುಡಿಮೆಯನ್ನು ಕಟ್ಟಿಕೊಂಡಿದ್ದಾರೆ. ಹೆಸರಿಗೆ ಬೀಗ ಹಾಕಿದರೆ ಅವರ ದುಡಿಮೆಗೂ ಬೀಗ ಬೀಳುತ್ತದೆ. ಟೀಚರು ತಮ್ಮದೇ ಹೊಸ ಕೆಲಸ ಮಾಡಿದ್ದಾರೆ, ಜನರಿಗೆ ಹಳೆಯ ಡಿಸೈನುಗಳು ಉಪಯೋಗಕ್ಕೆ ಬರಲೆಂದು ಬೇಕಾದಷ್ಟು ಹೆಸರುಗಳನ್ನು ಮಾತ್ರ ತೆಗೆದುಕೊಂಡಿದ್ದಾರೆ. ಇದು ನ್ಯಾಯವಾದ ಬಳಕೆ. ಅವರು ತಂತ್ರಾಂಶವನ್ನು ಮಾರಬಹುದು.

ಟೀಚರ ಹೆಣ್ಣುಮಕ್ಕಳು ಒಬ್ಬರನ್ನೊಬ್ಬರು ತಬ್ಬಿಕೊಂಡರು. ಟೀಚರು ಕೈಚೀಲದಿಂದ ಕರವಸ್ತ್ರ ತೆಗೆದು ಕನ್ನಡಕ ಒರೆಸಿಕೊಂಡರು. ಅವರಿಗೆ ಹೊಸ ನಂಬರು ಬೇಕಿತ್ತು, ದೂರದಿಂದಲೇ ಕಾಣುತ್ತಿತ್ತು. ಸಾಹಿತಿ ಮಾತ್ರ ಕಾರಿಡಾರಿನಲ್ಲಿ ಕಂಪನಿಯ ವಕೀಲನ ಹಿಂದೆ ಬಿದ್ದ.

"ಸಾರ್, ಒಂದ್ ನಿಮಿಷ. ಅವರು ಆ ಪ್ರಶ್ನೇನ ಹಾಗೇ ಬಿಟ್ಬಿಟ್ರಲ್ಲ. ಹಾಗಾದ್ರೆ ನಾನು ಲೇಖಕ ಹೌದೋ ಅಲ್ವೋ?"

ವಕೀಲ ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದ. "ಯಾರು ಕೇಳ್ತಾ ಇದ್ದಾರೆ?" ಎಂದ. ಹೀಯಾಳಿಸಲು ಕೇಳಿದ್ದಲ್ಲ. ನಿಜವಾಗಿಯೂ ಯಾರಾದರೂ ಕಕ್ಷಿದಾರರು ಕೇಳುತ್ತಿದ್ದಾರೆಯೇ ಎಂದು ತಿಳಿಯಲು ಕೇಳಿದ. ಯಾರೂ ಇಲ್ಲ ಎಂದು ಖಾತ್ರಿಯಾದ ಮೇಲೆ ಮೆಟ್ಟಿಲಿಳಿದು ಹೋದ.

ಟೀಚರ ಹಿರಿಮಗಳು ಬ್ಯಾಗು ಹೊತ್ತು ವರ್ಕ್‌ಶಾಪಿಗೆ ಬಂದು ಯಂತ್ರಗಳಿಗೆ ಮತ್ತೆ ತಂತ್ರಾಂಶ ತುಂಬಿದಳು. ಸಾಹಿತಿ ಬಾಗಿಲಲ್ಲಿ ನಿಂತು ಹೀಗೆ ಮಾಡು, ಹಾಗೆ ಮಾಡು ಎನ್ನುತ್ತಿದ್ದ. "ಸ್ವಲ್ಪ ಪಕ್ಕಕ್ಕೆ ನಿಂತ್ಕೋ, ಬೆಳಕಿಗೆ ಅಡ್ಡ ಆಗ್ತಿದ್ದೀಯ" ಎಂದಳು ಅಕ್ಕ. ಯಂತ್ರಗಳು ಓಡತೊಡಗಿದವು. ಕೆಲಸ ಬಿಟ್ಟು ಹೋಗಿದ್ದ ಇಬ್ಬರು ಹೆಂಗಸರಲ್ಲಿ ಒಬ್ಬಳು ತಿರುಗಿ ಬಂದಳು. ಕತ್ತರಿಯ ಹಿರಿಯಾಕೆ ಬರಲಿಲ್ಲ. ಅವಳಿಗೆ ಬೇಕರಿಯೊಂದರಲ್ಲಿ ಕೆಲಸ ಸಿಕ್ಕಿತ್ತು, ಅಲ್ಲಿ ಕೂತು ಮಾಡುವ ಕೆಲಸವಂತೆ.

ಈಗ ಸಾಹಿತಿ ಪಾಲಿಟೆಕ್ನಿಕ್ ಒಂದರಲ್ಲಿ ಪ್ರೋಗ್ರಾಮಿಂಗ್ ಪಾಠ ಹೇಳುತ್ತಾನೆ. ಹೆಸರುಗಳನ್ನು ಹೇಗೆ ಇಡಬೇಕು ಎಂಬುದರ ಮೇಲೆ ಅವನು ಮಾಡುವ ಪಾಠ ಬಹಳ ಚೆನ್ನಾಗಿದೆ ಎಂದು ವಿದ್ಯಾರ್ಥಿಗಳು ಹೇಳುತ್ತಾರೆ. ನನಗೆ ನಂಬಿಕೆಯಿಲ್ಲ, ಆದರೆ ಕೇಳಿದ್ದನ್ನು ಹೇಳಬೇಕಲ್ಲ. ಮೊನ್ನೆ ಕೃತಿಸ್ವಾಮ್ಯದ ಮೇಲೆ ಭಾಷಣವಿದೆ, ಬನ್ನಿ ಎಂದು ಮನೆಮಂದಿಯನ್ನೆಲ್ಲ ಕರೆದ. ಯಾರ ಪರವಾಗಿ ಮಾತಾಡುತ್ತೀಯ ಎಂದು ಕೇಳಿದೆ. ಸಭೆ ನೋಡಿ ನಿರ್ಧರಿಸುತ್ತೇನೆ ಎಂದ. ನಾನು ಹೋಗಲಿಲ್ಲ.

ಇಂಥವನನ್ನು ಯಾಕೆ ಇನ್ನೂ ಮನೆಯಲ್ಲಿ ಇಟ್ಟುಕೊಂಡಿದ್ದೀಯ ಎಂದು ನನ್ನ ಹೆಂಡತಿ ಒಮ್ಮೆ ನೇರವಾಗಿಯೇ ಕೇಳಿದಳು. ಅಕ್ಕ ಸೂಜಿಗೆ ದಾರ ಪೋಣಿಸುತ್ತಿದ್ದವಳು ತಲೆಯೆತ್ತಲಿಲ್ಲ. "ಇರ್ಲಿ ಬಿಡೇ. ದಾರ ಇಡೋ ಕೋಣೆ ಮಾಳಿಗೆ ಮೇಲಿದೆ, ಲಿಫ್ಟ್ ಇಲ್ಲ. ಪೆಟ್ಟಿಗೆ ಹೊರೋಕೆ ಒಬ್ಬ ಬೇಕಲ್ಲ."

ಅವನು ಆಗ ಮೆಟ್ಟಿಲ ನಡುವೆ ಪೆಟ್ಟಿಗೆ ಹೊತ್ತು ನಿಂತಿದ್ದ. ಪೆಟ್ಟಿಗೆ ತಂದ ಡ್ರೈವರಿಗೆ, ಮೇಲೆ ತಿಳಿನೀಲಿ ಎಂದು ಬರೆದಿದ್ದಾರೆ, ಇದು ಆಕಾಶನೀಲಿ, ಎರಡಕ್ಕೂ ಬಹಳ ವ್ಯತ್ಯಾಸವಿದೆ ಎಂದು ವಿವರಿಸುತ್ತಿದ್ದ. ಡ್ರೈವರು ಕೆಳಗೆ ನಿಂತು ಸಹಿಗಾಗಿ ಪೆನ್ನು ಚಾಚಿಕೊಂಡೇ ಇದ್ದ.